ಕಾರಿಗೊಂದು ಕೈಪಿಡಿ

ನಮ್ಮ ಸಗರನಾಡಿನ ಒಕ್ಕಲುಮನೆಗಳಲ್ಲಿ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿಸಲು ಯಾರೂ ಪೇಟೆಗೆ ಹೋಗುತ್ತಿರಲಿಲ್ಲ. ಗಾಲಿ ಒಣಗಿರುವುದು ಮನೆಯ ಹಿರಿಯರಿಗೆ ಅದರ ಸಪ್ಪಳದಿಂದಲೇ ತಿಳಿಯುತ್ತಿತ್ತು. ಈಗ ಶಹಾಪುರ, ಸುರಪುರ, ಯಾದಗಿರಿಗಳ ಅದೇ ಅಂಗಳಗಳಲ್ಲಿ ಕಾರುಗಳು ನಿಂತಿವೆ. ಅಮಾವಾಸ್ಯೆಗೊಮ್ಮೆ ತಪ್ಪದೆ ನಿಂಬೆಹಣ್ಣು ಕಟ್ಟುವವರು ತಿಂಗಳಿಗೊಮ್ಮೆಯಾದರೂ ಬಾನೆಟ್ ಎತ್ತಿ ಎಂಜಿನ್ ಎಣ್ಣೆಯ ಮಟ್ಟ ನೋಡುತ್ತಾರೆಯೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಸಣ್ಣಪುಟ್ಟ ಕೆಲಸಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆನ್ನುವವರು ಮೊದಲು ಒಂದು ಪುಸ್ತಕವನ್ನು ಹುಡುಕುತ್ತಾರೆ. ನಾನೂ ಹುಡುಕಿದವನೇ. 2007ರಲ್ಲಿ ಹಳೆಯದೊಂದು ಮಾರುತಿ 800 ಕೊಂಡಾಗ, ಹೈದರಾಬಾದಿನ ಹಳೆಯ ಪುಸ್ತಕದಂಗಡಿಯಲ್ಲಿ ಸಣ್ಣ ಕಾರುಗಳ ದುರಸ್ತಿಯ ಬಗೆಗಿನ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹೊಳೆಯುವ ಚಿತ್ರಗಳು, ಗಟ್ಟಿ ರಟ್ಟು. ಅದನ್ನು ತಂದು ನಮ್ಮೂರ ಮಿಸ್ತ್ರಿಗೆ ಹೆಮ್ಮೆಯಿಂದ ತೋರಿಸಿದೆ. ಇಂಗ್ಲಿಷ್ ಬಾರದ ಆತ ಪುಟ ಮಗುಚಿ ಒಂದು ಚಿತ್ರದ ಮೇಲೆ ಬೆರಳಿಟ್ಟು, “ಮಾಸ್ತರ್ರ, ಇದರಾಗ ನಾಕು ಪ್ಲಗ್ ಅದಾವಲ್ಲ. ನಿಮ್ಮ ಗಾಡಿಗೆ ಮೂರೇ ಮೂರು!” ಎಂದ. ಇಂಗ್ಲಿಷ್ ಬಲ್ಲ ನಾನು ಚಿತ್ರಗಳ ಅಂದಕ್ಕೆ ಮರುಳಾಗಿ ಅಷ್ಟನ್ನೂ ಗಮನಿಸಿರಲಿಲ್ಲ.

ಕಾರಿನ ಹೆಸರು ಹೊಂದಿದ ಮಾತ್ರಕ್ಕೆ ಪುಸ್ತಕ ಹೊಂದುವುದಿಲ್ಲ. ಮಾರುತಿ 800ನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಆ ಕಾರಿನ ಒಡಲು 1986ರಲ್ಲಿಯೇ ಬದಲಾಯಿತು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಉಳಿದುಬಂದರೂ, 2000ದ ಸುಮಾರಿಗೆ ಕಾರ್ಬ್ಯುರೇಟರ್ ಹೋಗಿ, ವಿದ್ಯುನ್ಮಾನ ನಿಯಂತ್ರಣದಿಂದ ಪೆಟ್ರೋಲನ್ನು ಚಿಮುಕಿಸುವ ಎಂಪಿಎಫ್‌ಐ ಬಂದಿತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೂ ಹೆಸರು ಮಾತ್ರ ಒಂದೇ. ಕಾರ್ಬ್ಯುರೇಟರಿನ ಗಾಡಿಯವನಿಗೆ ಎಂಪಿಎಫ್‌ಐ ಪುಸ್ತಕ ಕೊಟ್ಟರೆ ಅರ್ಧ ಪುಟಗಳು ವ್ಯರ್ಥ. ಆದುದರಿಂದ ಪುಸ್ತಕದಂಗಡಿಗೆ ಹೋಗುವಾಗ ಆರ್‌ಸಿಯಲ್ಲಿರುವ ಮಾದರಿ, ತಯಾರಿಕೆಯ ತಿಂಗಳು ಮತ್ತು ವರ್ಷ, ಇಂಧನ ಇವನ್ನು ಬರೆದುಕೊಂಡು ಹೋಗಬೇಕು.

ಇಂಗ್ಲೆಂಡಿನಲ್ಲಿ ಜಾನ್ ಹೇನ್ಸ್ ಎಂಬುವರು 1966ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿಗಾಗಿ ಮೊದಲ ಕೈಪಿಡಿಯನ್ನು ಹೊರತಂದರು. ಕಾರನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಹೆಜ್ಜೆಹೆಜ್ಜೆಗೂ ಛಾಯಾಚಿತ್ರ ತೆಗೆದು ಬರೆಯುವುದು ಅವರ ಕ್ರಮ. ಮನೆಯ ಮುಂದೆ ನಿಂತು ಕೆಲಸ ಮಾಡುವವನಿಗೆ ಒದಗುವುದು ಇಂತಹ ಪುಸ್ತಕವೇ. ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಇದಕ್ಕಿಂತ ಸಮಗ್ರವಾದುದು ನಿಜ. ಆದರೆ ಅದನ್ನು ತರಬೇತಾದ ಮಿಸ್ತ್ರಿಗಾಗಿ ಬರೆದಿರುತ್ತಾರೆ. ಅಲ್ಲಿ ಹೇಳುವ ವಿಶೇಷ ಸಲಕರಣೆಗಳು ನಮ್ಮ ಮನೆಯಲ್ಲಿರುವುದಿಲ್ಲ.

ಇವೆರಡಕ್ಕೂ ಮೊದಲು ಓದಬೇಕಾದ ಮೂರನೆಯ ಪುಸ್ತಕವೊಂದಿದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕಾರಿನೊಡನೆಯೇ ಬರುವ ಓನರ್ಸ್ ಮ್ಯಾನ್ಯುಯಲ್ ಅದು. ಅದನ್ನು ಓದದೆ ಇದ್ದುದರ ಬೆಲೆಯನ್ನು ನಮ್ಮ ಮನೆಯವರು ತೆತ್ತಿದ್ದೇವೆ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಹೊರಟಿದ್ದೆವು. ಜೇವರ್ಗಿ ದಾಟಿದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರಿತು. ಗಾಡಿ ನಿಲ್ಲಿಸಿದ ಕೂಡಲೆ ನನ್ನ ತಮ್ಮನ ಮಗ ಟವೆಲ್ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿ ಒತ್ತಡ ಇಳಿದೊಡನೆ ಅದು ಒಮ್ಮೆಗೇ ಉಗಿಯಾಗಿ ಚಿಮ್ಮುತ್ತದೆ. ಹುಡುಗನ ಬಲಗೈ ಮೊಣಕೈವರೆಗೆ ಬೆಂದಿತು. ಆ ವರ್ಷದ ಪರೀಕ್ಷೆಯನ್ನು ಅವನು ಬರೆಯಲಾಗಲಿಲ್ಲ. ಆಸ್ಪತ್ರೆಯ ಹೊರಗೆ ಕುಳಿತು ವಿಮೆಯ ಕಾಗದ ಹುಡುಕುವಾಗ ಆ ಕೈಪಿಡಿ ಸಿಕ್ಕಿತು. ಎಂಜಿನ್ ಬಿಸಿಯಿದ್ದಾಗ ಮುಚ್ಚಳ ತೆಗೆಯಬಾರದೆಂದು ಅದರಲ್ಲಿ ಚೌಕಟ್ಟು ಹಾಕಿ ಅಚ್ಚುಮಾಡಿದ್ದರು. ಕಾರು ಮನೆಗೆ ಬಂದಂದಿನಿಂದ ಆ ಪುಸ್ತಕವನ್ನು ಯಾರೂ ತೆರೆದಿರಲಿಲ್ಲ. ಮಾಸ್ತರನಾದ ನಾನೂ ತೆರೆದಿರಲಿಲ್ಲ.

ಹಳೆಯ ಗಾಡಿ ಕೊಂಡು ಕೈಪಿಡಿ ದೊರೆಯದಿದ್ದವರು ನಿರಾಶರಾಗಬೇಕಿಲ್ಲ. ಈಗ ಹಲವು ಕಂಪನಿಗಳು ತಮ್ಮ ಜಾಲತಾಣದಲ್ಲಿಯೇ ಅದನ್ನು ಉಚಿತವಾಗಿ ಒದಗಿಸುತ್ತವೆ.

ಇನ್ನು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕದ ಮಾತು. ಕೊಳ್ಳುವ ಮುನ್ನ ನಿಮಗೆ ಬೇಕಾದ ಒಂದೇ ಒಂದು ಕೆಲಸವನ್ನು ಅದರಲ್ಲಿ ಹುಡುಕಿ ನೋಡಿ. ಸ್ಪಾರ್ಕ್ ಪ್ಲಗ್ ಬದಲಿಸುವುದೆಂದೇ ಇಟ್ಟುಕೊಳ್ಳೋಣ. ಎಂಜಿನ್ ತಣ್ಣಗಾಗಿರಬೇಕೆಂದು ಹೇಳಿದೆಯೇ? ಎಷ್ಟನೆಯ ಪಾನಾ ಬೇಕು, ಎಷ್ಟು ಬಿಗಿಯಬೇಕು ಎಂಬ ಅಂಕಿ ಇದೆಯೇ? ಅಲ್ಯುಮಿನಿಯಂ ಹೆಡ್ಡಿನಲ್ಲಿ ಬಲ ಹಾಕಿ ಪ್ಲಗ್ ಬಿಗಿದರೆ ಮರೆ ಹಾಳಾಗಿ ದೊಡ್ಡ ಖರ್ಚು ಬೀಳುತ್ತದೆ. “ಸಾಕಷ್ಟು ಬಿಗಿಯಿರಿ” ಎಂದಷ್ಟೇ ಬರೆದ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಯಾವ ಕೆಲಸಕ್ಕೆ ಕೈ ಹಾಕಬಾರದೆಂಬುದನ್ನೂ ಪುಸ್ತಕ ಸ್ಪಷ್ಟವಾಗಿ ಹೇಳಬೇಕು. ಬ್ರೇಕು, ಏರ್‌ಬ್ಯಾಗ್ ಇವುಗಳನ್ನು ನಾನಂತೂ ಮಿಸ್ತ್ರಿಗೇ ಬಿಡುತ್ತೇನೆ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಸುಳಬಾರದು.

ನಮ್ಮ ಸೀಮೆಗೆ ಸಂಬಂಧಿಸಿದ ಮಾತೊಂದಿದೆ. ಏರ್ ಫಿಲ್ಟರ್ ಬದಲಿಸುವ ಅವಧಿಯನ್ನು ಸಾಮಾನ್ಯ ರಸ್ತೆಗಳಿಗೆ ಬೇರೆ, ಧೂಳಿನ ರಸ್ತೆಗಳಿಗೆ ಬೇರೆ ಎಂದು ಕೈಪಿಡಿಗಳಲ್ಲಿ ಕೊಟ್ಟಿರುತ್ತಾರೆ. ಎರೆಹೊಲದ ದಾರಿಯಲ್ಲಿ ಹತ್ತಿ ಸುಗ್ಗಿಯಲ್ಲಿ ಓಡಾಡುವ ನಾವು ಎರಡನೆಯ ಸಾಲನ್ನೇ ಓದಬೇಕು. ರೇಡಿಯೇಟರಿಗೆ ಕೊಳವೆಬಾವಿಯ ಗಡುಸು ನೀರು ಸುರಿಯುವ ಅಭ್ಯಾಸವೂ ನಮ್ಮಲ್ಲಿದೆ. ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಕಿಟ್ಟವನ್ನು ಕಂಡ ಗೃಹಿಣಿಯರಿಗೆ ರೇಡಿಯೇಟರಿನ ಕೊಳವೆಗಳಲ್ಲಿ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಅಲ್ಲಿಗೆ ಕಂಪನಿ ಹೇಳಿದ ಕೂಲಂಟ್ ಮಾತ್ರ.

ಈ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವುದರಿಂದ ನಾವು ಮನೆಯಲ್ಲಿ ಒಂದು ವಹಿಯನ್ನು ಇಟ್ಟಿದ್ದೇವೆ. ಗಾಲಿಯ ಗಾಳಿ ಎಷ್ಟಿರಬೇಕು, ಎಣ್ಣೆ ಯಾವ ದರ್ಜೆಯದು, ಕೊನೆಯ ಸಲ ಬದಲಿಸಿದಾಗ ಮೀಟರ್ ಎಷ್ಟು ತೋರುತ್ತಿತ್ತು ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿದೆ. ಮೊದಲ ಪುಟದಲ್ಲಿ ರೇಡಿಯೇಟರಿನ ಮುಚ್ಚಳದ ಮಾತನ್ನು ಕೆಂಪು ಮಸಿಯಲ್ಲಿ ಬರೆದವನು ತಮ್ಮನ ಮಗನೇ. ಕೈ ಪೂರ್ತಿ ವಾಸಿಯಾಗುವ ಮೊದಲೇ ಎಡಗೈಯಿಂದ ಬರೆದ ಆ ಅಕ್ಷರಗಳು ಡೊಂಕಾಗಿವೆ.