ಜಾಮೀನಿಗೆ ಯಾರೂ ಸಹಿ ಹಾಕಲಿಲ್ಲ

ಮೊನ್ನೆ ಡೊಂಬಿವಲಿ ಲೋಕಲ್‌ನಲ್ಲಿ ನಮ್ಮ ಮಾಮೂಲಿ ಗುಂಪಿನ ಗೆಳೆಯರೊಬ್ಬರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. "ಫಿನ್ಲೆಂಡಾ? ಬಿಡ್ರೀ, ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಬಾಲ ಹಿಡಿದ ದೇಶ ಅದು." ಅಷ್ಟರಲ್ಲಿ ಠಾಣೆ ಬಂತು, ಜನ ನುಗ್ಗಿದರು, ಮಾತು ಅಲ್ಲಿಗೇ ನಿಂತಿತು. ಅವತ್ತು ಗಂಟಲಲ್ಲೇ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಲ ಹಿಡಿದದ್ದು ನಿಜ. ಆದರೆ ಅದಕ್ಕೂ ಮುಂಚೆ ಯಾರ ಯಾರ ಬಾಗಿಲು ತಟ್ಟಿತ್ತು ಅಂತ ಕೇಳಬೇಡವೇ?

1939ರ ಆಗಸ್ಟ್ 23ರಂದು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಅದರ ಗುಟ್ಟಿನ ಕರಾರಿನಲ್ಲಿ ಫಿನ್ಲೆಂಡನ್ನು ಸ್ಟಾಲಿನ್ ಪಾಲಿಗೆ ಬಿಟ್ಟುಕೊಟ್ಟವನು ಇದೇ ಹಿಟ್ಲರ್! ನವೆಂಬರ್ 30ಕ್ಕೆ ಹೆಲ್ಸಿಂಕಿಯ ಮೇಲೆ ಸೋವಿಯೆತ್ ಬಾಂಬು ಬಿತ್ತು. ಆಗ ಆ ದೇಶದ ಒಟ್ಟು ಜನ ಸುಮಾರು 37 ಲಕ್ಷ. ಇವತ್ತಿನ ಮುಂಬೈನ ಮೂರರಲ್ಲೊಂದು ಪಾಲೂ ಅಲ್ಲ.

ಲೋಕವೆಲ್ಲ ಅಯ್ಯೋ ಅಂದಿತು. ಡಿಸೆಂಬರ್ 14ರಂದು ರಾಷ್ಟ್ರಸಂಘದಿಂದ ಸೋವಿಯೆತ್ ಒಕ್ಕೂಟವನ್ನು ಹೊರಹಾಕಿದರು. ಸರಿ, ಆಮೇಲೆ? ಬ್ರಿಟನ್, ಫ್ರಾನ್ಸ್ ಸೈನ್ಯ ಕಳಿಸುತ್ತೇವೆ ಅಂದವು. ಆದರೆ ಅವರ ದಾರಿ ಹೋಗುತ್ತಿದ್ದದ್ದು ನಾರ್ವೆಯ ನಾರ್ವಿಕ್ ಬಂದರಿನಿಂದ, ಜರ್ಮನಿಗೆ ಅದಿರು ಕೊಡುತ್ತಿದ್ದ ಸ್ವೀಡನ್ನಿನ ಗಣಿಗಳ ಮೂಲಕ. ಕಣ್ಣು ಆ ಗಣಿಗಳ ಮೇಲಿತ್ತು, ಫಿನ್ಲೆಂಡ್ ಬರೀ ನೆಪ. ನಾರ್ವೆ, ಸ್ವೀಡನ್ ದಾರಿ ಕೊಡಲಿಲ್ಲ. ಸ್ವೀಡನ್ನಿನಿಂದ ಸುಮಾರು ಎಂಟು ಸಾವಿರ ಸ್ವಯಂಸೇವಕರು ಬಂದರು, ಸರ್ಕಾರ ಮಾತ್ರ ಯುದ್ಧಕ್ಕೆ ಇಳಿಯಲಿಲ್ಲ. ಅಮೆರಿಕ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು, ಆಯುಧ ಮಾತ್ರ ಕೊಳ್ಳಬಾರದು ಎಂಬ ಷರತ್ತಿನ ಮೇಲೆ. ಮನೆಗೆ ಬೆಂಕಿ ಬಿದ್ದವನಿಗೆ ಸಾಲ ಕೊಟ್ಟು, ನೀರು ಮಾತ್ರ ಕೊಳ್ಳಬೇಡಪ್ಪ ಅಂದ ಹಾಗೆ!

ಇನ್ನೊಂದು ವಿಷಯ. ಮೊದಲನೇ ಮಹಾಯುದ್ಧದ ನಂತರ ಆಹಾರಕ್ಕಾಗಿ ಅಮೆರಿಕದಿಂದ ಪಡೆದಿದ್ದ ಹಳೇ ಸಾಲ ಫಿನ್ಲೆಂಡಿನ ತಲೆಯ ಮೇಲಿತ್ತು. ಅದೇ ಡಿಸೆಂಬರ್ 15ರಂದು, ಯುದ್ಧದ ನಡುವೆಯೇ, ಅದರ ಕಂತನ್ನು ಗಡುವು ತಪ್ಪದೆ ಕಟ್ಟಿತು. ದೊಡ್ಡ ದೊಡ್ಡ ದೇಶಗಳು ಅಷ್ಟು ಹೊತ್ತಿಗೆ ಕೈ ಎತ್ತಿ ವರ್ಷಗಳೇ ಆಗಿದ್ದವು. ಸರ್ವೀಸಿನುದ್ದಕ್ಕೂ ಸಾಲದ ಫೈಲು ನೋಡಿದವನು ನಾನು. ಇಂಥ ಸಾಲಗಾರ ಸಿಕ್ಕರೆ ಮ್ಯಾನೇಜರು ಎದ್ದು ನಿಂತು ಕಾಫಿ ತರಿಸುತ್ತಾನೆ ಸ್ವಾಮಿ. ಆದರೂ ಜಾಮೀನಿಗೆ ಯಾರೂ ಸಹಿ ಹಾಕಲಿಲ್ಲ.

1940ರ ಮಾರ್ಚ್ 13ಕ್ಕೆ ಫಿನ್ಲೆಂಡ್ ಸೋತು ಸಂಧಿ ಮಾಡಿಕೊಂಡಿತು. ನೆಲದ ಹತ್ತರಲ್ಲೊಂದು ಪಾಲು ಹೋಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಬಂದರು. ಮರುತಿಂಗಳೇ ಜರ್ಮನಿ ಡೆನ್ಮಾರ್ಕ್, ನಾರ್ವೆಗಳಿಗೆ ನುಗ್ಗಿತು. ಒಂದು ಕಡೆ ಸ್ಟಾಲಿನ್, ಮಿಕ್ಕ ಕಡೆ ಹಿಟ್ಲರ್. ಈಗ ಹೇಳಿ, ಯಾರ ಹತ್ತಿರ ಹೋಗಬೇಕಿತ್ತು?

ಹಾಗಂತ ನಾನು ಸುಣ್ಣ ಬಳಿಯಲು ಕೂತಿಲ್ಲ. 1941ರಲ್ಲಿ ಜರ್ಮನಿಯ ಜೊತೆ ಹೊರಟವರು ಕಳೆದುಕೊಂಡ ನೆಲ ಸಿಕ್ಕ ಮೇಲೆ ನಿಲ್ಲಲಿಲ್ಲ, ಹಳೇ ಗಡಿ ದಾಟಿ ಪೂರ್ವ ಕರೇಲಿಯಾ ಹಿಡಿದರು. ಅಲ್ಲಿನ ಶಿಬಿರಗಳಲ್ಲಿ ಸುಮಾರು ನಾಲ್ಕು ಸಾವಿರ ನಾಗರಿಕರು ಹಸಿವು, ರೋಗದಿಂದ ಸತ್ತರು. 1942ರ ನವೆಂಬರ್‌ನಲ್ಲಿ ಎಂಟು ಯಹೂದಿ ನಿರಾಶ್ರಿತರನ್ನು ಜರ್ಮನರ ಕೈಗೆ ಒಪ್ಪಿಸಿದರು, ಉಳಿದವನು ಒಬ್ಬನೇ. ಇದನ್ನೆಲ್ಲ ಒತ್ತಾಯದ ಲೆಕ್ಕಕ್ಕೆ ಬರೆಯಲಾಗದು, ಅವರ ಸ್ವಂತ ಖಾತೆಯ ಸಾಲ. ದಿಕ್ಕಿಲ್ಲದೆ ಹಿಡಿದ ಕೈಯನ್ನು ಕ್ಷಮಿಸಬಹುದು. ಆ ಕೈ ಹಿಡಿದು ಮಾಡಿದ ಪಾಪಕ್ಕೆ ಮಾಫಿ ಇಲ್ಲ. ನನ್ನ ಜಗಳ ಈ ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿ ಕೂಡುವವರ ಜೊತೆ.

1944ರ ಜೂನ್‌ನಲ್ಲಿ ಸೋವಿಯೆತ್ ಸೈನ್ಯ ಮತ್ತೆ ನುಗ್ಗಿತು. ಆಯುಧ ಬೇಕಿದ್ದರೆ ಒಂಟಿಯಾಗಿ ಸಂಧಿ ಮಾಡಿಕೊಳ್ಳೋಲ್ಲ ಅಂತ ಬರೆದುಕೊಡಿ ಅಂದಿತು ಜರ್ಮನಿ. ಅಧ್ಯಕ್ಷ ರಿಸ್ತೊ ರೂಟಿ ತನ್ನ ಸ್ವಂತ ಹೆಸರಿನಲ್ಲಿ ಪತ್ರ ಬರೆದುಕೊಟ್ಟರು. ಆಯುಧ ಬಂತು, ದಾಳಿ ನಿಂತಿತು. ಆಗಸ್ಟ್‌ನಲ್ಲಿ ರೂಟಿ ರಾಜೀನಾಮೆ ಕೊಟ್ಟರು. ಮುಂದೆ ಬಂದ ಮಾನರ್‌ಹೈಮ್, ಆ ಪತ್ರ ನಮ್ಮನ್ನು ಕಟ್ಟೋಲ್ಲ ಅಂದು ಸೆಪ್ಟೆಂಬರ್‌ನಲ್ಲಿ ಸಂಧಿ ಮಾಡಿಕೊಂಡರು. ರೂಟಿಯವರೂ ನಮ್ಮ ಜಾತಿಯವರೇ, ಅಂದರೆ ಬ್ಯಾಂಕಿನವರು. ಮೊದಲು ಬ್ಯಾಂಕ್ ಆಫ್ ಫಿನ್ಲೆಂಡಿನ ಮುಖ್ಯಸ್ಥರಾಗಿದ್ದವರು. ದೇಶದ ಸಾಲಕ್ಕೆ ತಾವೇ ಜಾಮೀನು ನಿಂತರು. 1946ರಲ್ಲಿ ಹತ್ತು ವರ್ಷದ ಸಜೆಯಾಯಿತು, 1949ರಲ್ಲಿ ಬಿಡುಗಡೆ.

ಸಂಧಿಯ ಬೆಲೆ ಏನು? ನಿನ್ನೆಯ ಮಿತ್ರ ಜರ್ಮನರನ್ನು ತಾವೇ ಹೊಡೆದೋಡಿಸಬೇಕು. ಅವರು ಹೋಗುತ್ತಾ ಲ್ಯಾಪ್‌ಲೆಂಡನ್ನು ಸುಟ್ಟು ಹೋದರು. ಜೊತೆಗೆ 30 ಕೋಟಿ ಡಾಲರಿನ ಯುದ್ಧದಂಡ, ಹಣವಾಗಿ ಅಲ್ಲ, ಹಡಗು, ಯಂತ್ರ, ಮರವಾಗಿ. ಆಮೇಲೆ ಸ್ವಲ್ಪ ಮಾಫಿಯಾಯಿತು. ಮಿಕ್ಕಿದ್ದನ್ನು 1952ರಲ್ಲಿ ಕಟ್ಟಿ ಮುಗಿಸಿದರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಸಿದರು.

2023ರ ಏಪ್ರಿಲ್ 4ರಂದು ಫಿನ್ಲೆಂಡ್ ನೇಟೋ ಸೇರಿತು. ಸರಿಯೋ ತಪ್ಪೋ, ಬೇರೆ ಚರ್ಚೆ. ನನಗೆ ಕಂಡದ್ದಿಷ್ಟು: 1939ರಲ್ಲಿ ಬಾಯಿಮಾತಿನ ಜಾಮೀನು ನಂಬಿ ಕೆಟ್ಟವರು 84 ವರ್ಷದ ಮೇಲೆ ಬರವಣಿಗೆಯಲ್ಲಿ ಜಾಮೀನು ಪಡೆದುಕೊಂಡರು.

ಲೋಕಲ್‌ನ ಗೆಳೆಯರೇ, ಇದನ್ನು ಓದುತ್ತಿದ್ದರೆ ನಾಳೆ 8.14ಕ್ಕೆ ಸಿಗೋಣ. ಜಗಳ ಬಾಕಿ ಇದೆ.