ಗಣಕಯಂತ್ರದ ಖರೀದಿ: ಬಾಳಿಕೆಯ ಲೆಕ್ಕ ಇಡುವವರು ಯಾರು?

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಹಳೆಯ ಗಣಕಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲವಾದ್ದರಿಂದ ಅಂಗಡಿ, ಮಂಡಿ ಹಾಗೂ ಸಣ್ಣ ಕಾರ್ಖಾನೆಗಳು ಹೊಸ ಯಂತ್ರಗಳನ್ನು ಕೊಳ್ಳಬೇಕಾಗಿ ಬಂದಿದೆ. ಇಂತಹ ಖರೀದಿಗೆ ತರಿಸುವ ಕೊಟೇಶನ್‌ಗಳಲ್ಲಿ ಎದ್ದು ಕಾಣುವುದು ಪ್ರೊಸೆಸರ್‌ನ ವೇಗ, ರ್‍ಯಾಮ್‌ನ ಪ್ರಮಾಣ, ಡಿಸ್ಕಿನ ಗಾತ್ರ ಮತ್ತು ಒಟ್ಟು ಬೆಲೆ ಮಾತ್ರ. ಯಾವ ಬಿಡಿಭಾಗ ಎಷ್ಟು ಕಾಲ ಬಾಳೀತು ಎಂಬ ಅಂಕಣವೇ ಇರುವುದಿಲ್ಲ. ಲೇತ್ ಕೊಳ್ಳುವಾಗ ಬೇರಿಂಗ್ ಯಾವ ಕಂಪನಿಯದೆಂದು ವಿಚಾರಿಸುವ ಉದ್ದಿಮೆದಾರರು ಕೂಡ ಗಣಕಯಂತ್ರ ಕೊಳ್ಳುವಾಗ ಎಸ್‌ಎಂಪಿಎಸ್ ಯಾವುದೆಂದು ಕೇಳುವುದು ವಿರಳ.

ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಪ್ರಕರಣದಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡುವುದು ವರ್ತಕರ ಹೊಣೆ. ಲೆಕ್ಕವನ್ನು ಹೊತ್ತ ಡಿಸ್ಕಿನ ವಾರಂಟಿಯಾದರೋ ಸಾಮಾನ್ಯವಾಗಿ ಇದಕ್ಕಿಂತ ಮೊದಲೇ ಮುಗಿಯುತ್ತದೆ. ವಾರಂಟಿಯಿಂದ ದೊರೆಯುವುದು ಹೊಸ ಡಿಸ್ಕೇ ಹೊರತು ಅಳಿದುಹೋದ ಲೆಕ್ಕವಲ್ಲ.

ತಯಾರಕರ ಅಂಕಿ, ಬಳಕೆದಾರರ ಅನುಭವ

ಹಾರ್ಡ್ ಡಿಸ್ಕಿನ ವಿವರಪತ್ರದಲ್ಲಿ ಸರಾಸರಿ ಬಾಳಿಕೆ 10 ಲಕ್ಷ ಗಂಟೆ ಎಂದು ಅಚ್ಚಾಗಿರುವುದುಂಟು. ವರ್ಷಕ್ಕೆ 8,760 ಗಂಟೆಗಳಂತೆ ಇದು 114 ವರ್ಷವಾಗುತ್ತದೆ! ಒಂದೇ ಡಿಸ್ಕು ಅಷ್ಟು ಕಾಲ ಬದುಕುವುದೆಂದು ಇದರ ಅರ್ಥವಲ್ಲ; ನೂರು ಡಿಸ್ಕುಗಳಲ್ಲಿ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಕೆಡಬಹುದೆಂಬ ಅಂದಾಜು ಅಷ್ಟೆ. ಆ ಅಂದಾಜೂ ನಿಲ್ಲಲಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶ್ರೋಡರ್ ಮತ್ತು ಗಿಬ್ಸನ್ ಅವರು ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇ. 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಾಯಿಸಬೇಕಾಗಿ ಬರುವುದು ಸಾಮಾನ್ಯವೆಂದೂ ಕೆಲವೆಡೆ ಇದು ಶೇ. 13ರವರೆಗೆ ಏರಿತ್ತೆಂದೂ ತಿಳಿಸಿದರು. ಅದೇ ವರ್ಷ ಗೂಗಲ್ ಸಂಸ್ಥೆಯ ತಜ್ಞರು ಪ್ರಕಟಿಸಿದ ಅಧ್ಯಯನವು, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಡಿಸ್ಕಿನೊಳಗಣ ಸ್ಮಾರ್ಟ್ ವ್ಯವಸ್ಥೆಯ ನಾಲ್ಕು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ನೀಡದೆ ಕೆಟ್ಟಿದ್ದವೆಂದು ತೋರಿಸಿತು.

ಈಗ ಬಳಕೆಗೆ ಬಂದಿರುವ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗಗಳಿಲ್ಲ. ವೇಗವೂ ಬಹಳ ಹೆಚ್ಚು. 300 ಟೆರಾಬೈಟ್‌ಗಳಷ್ಟು ಬರೆಯುವ ಸಾಮರ್ಥ್ಯವಿರುವ ಎಸ್‌ಎಸ್‌ಡಿಗೆ ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ತಲುಪಲು 40 ವರ್ಷ ಬೇಕು. ಆದುದರಿಂದ ಲೆಕ್ಕಪತ್ರದ ಯಂತ್ರದಲ್ಲಿ ಸವೆತದ ಭಯ ಕಡಿಮೆ, ಹಠಾತ್ತನೆ ನಿಂತುಹೋಗುವ ಭಯ ಹೆಚ್ಚು. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯು, ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು ಒಳಗಿನ ಫರ್ಮ್‌ವೇರ್ ದೋಷದಿಂದಾಗಿ ಸರಿಯಾಗಿ 32,768 ಗಂಟೆಗಳ ಬಳಕೆಯ ನಂತರ ಕೆಡುವವೆಂದು ಎಚ್ಚರಿಸಿತು. ಒಂದೇ ದಿನ ಅಳವಡಿಸಿದ ಇಂತಹ ಎರಡು ಡಿಸ್ಕುಗಳು ಒಂದೇ ದಿನ ಕೆಡಬಲ್ಲವು. ಮೂಲ ಪ್ರತಿ ಮತ್ತು ಬ್ಯಾಕಪ್ ಪ್ರತಿ ಎರಡನ್ನೂ ಒಂದೇ ಮಾದರಿಯ ಡಿಸ್ಕುಗಳಲ್ಲಿ ಇಡಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಣ್ಣಿಗೆ ಕಾಣದ ಭಾಗಗಳು

ಅಗ್ಗದ ಭಾಗವೇ ದುಬಾರಿ ಯಂತ್ರವನ್ನು ಕೆಡಿಸುವುದುಂಟು. 2000ರ ದಶಕದ ಮೊದಲ ವರ್ಷಗಳಲ್ಲಿ ದೋಷಯುಕ್ತ ಕೆಪಾಸಿಟರ್‌ಗಳು ಉಬ್ಬಿ ಒಡೆದು, ಅನೇಕ ಕಂಪನಿಗಳ ಮದರ್‌ಬೋರ್ಡ್‌ಗಳು ಹಾಳಾದವು. ಇವುಗಳ ದುರಸ್ತಿಗಾಗಿ ಡೆಲ್ ಸಂಸ್ಥೆಯೊಂದೇ 2005ರಲ್ಲಿ 30 ಕೋಟಿ ಡಾಲರ್ ಹೊರೆ ಹೊರಬೇಕಾಯಿತು. ವೇಗದ ಬೆನ್ನುಹತ್ತುವುದರಲ್ಲೂ ಅಪಾಯವಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಧಿಕ ವೋಲ್ಟೇಜ್‌ನಿಂದ ಅಸ್ಥಿರಗೊಂಡುದರಿಂದ, 2024ರಲ್ಲಿ ಆ ಸಂಸ್ಥೆಯು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಮುದ್ರೆಯ ಬಗೆಗೂ ತಪ್ಪು ತಿಳಿವಳಿಕೆ ಇದೆ. 2004ರಲ್ಲಿ ಆರಂಭವಾದ ಈ ಮುದ್ರೆ ಹೇಳುವುದು ವಿದ್ಯುತ್ತಿನ ಮಿತವ್ಯಯವನ್ನು, ಬಾಳಿಕೆಯನ್ನಲ್ಲ. ಬಾಳಿಕೆಯನ್ನು ತಕ್ಕಮಟ್ಟಿಗೆ ಊಹಿಸಲು ವಾರಂಟಿಯ ಅವಧಿ, ಹೊರೆ ಬಿದ್ದಾಗ 12 ವೋಲ್ಟ್ ಸಾಲು 11.4ರಿಂದ 12.6ರ ಒಳಗೆ ನಿಲ್ಲುತ್ತದೆಯೇ ಎಂಬ ಪರಿಶೀಲನೆ ಹಾಗೂ ಒಳಗಿನ ಕೆಪಾಸಿಟರ್‌ಗಳ ಉಷ್ಣಮಿತಿ ನೆರವಾಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಕೆಪಾಸಿಟರ್‌ನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳಿಯಾಡದ ಗೂಡಿನಲ್ಲಿ ದೂಳು ತುಂಬಿ ಕುಳಿತ ಯಂತ್ರ ಬೇಗ ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ವೇಗವನ್ನು ಅಳೆಯುವುದಾದರೂ ಸ್ವಂತ ಕೆಲಸದಿಂದಲೇ ಅಳೆಯುವುದು ಲೇಸು. ಮಾರಾಟಗಾರರು ತೋರಿಸುವ ಪರೀಕ್ಷಾ ಅಂಕಗಳಿಗಿಂತ, ಅಂಗಡಿಯ ಇಡೀ ವರ್ಷದ ಲೆಕ್ಕದ ಪ್ರತಿಯನ್ನು ಹೊಸ ಯಂತ್ರದಲ್ಲಿ ತೆರೆದು, ದಾಸ್ತಾನು ವರದಿ ಸಿದ್ಧವಾಗಲು ತಗಲುವ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳುವುದು ಹೆಚ್ಚು ನಂಬಲರ್ಹ.

ಸಂಸ್ಥೆಗಳ ಮುಂದಿರುವ ಕಾರ್ಯ

ವೇಗವನ್ನು ಒಬ್ಬರೇ ಅಳೆಯಬಹುದು. ಬಾಳಿಕೆಯನ್ನು ಒಬ್ಬರೇ ಅಳೆಯಲಾಗದು. ವರ್ಷಕ್ಕೆ ಶೇ. 3ರಷ್ಟು ಡಿಸ್ಕುಗಳು ಕೆಡುವುದಾದರೆ, ನಾಲ್ಕು ಯಂತ್ರಗಳಿರುವ ಅಂಗಡಿಯಲ್ಲಿ ಸುಮಾರು ಎಂಟು ವರ್ಷಕ್ಕೊಂದು ಕೆಟ್ಟೀತು. ಆ ಒಂದರಿಂದ ಕಂಪನಿಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲ. ಆದರೆ ಅಂತಹ 300 ಅಂಗಡಿಗಳು ಕೂಡಿದರೆ 1,200 ಯಂತ್ರಗಳಾಗುತ್ತವೆ. ವರ್ಷಕ್ಕೆ 36 ಪ್ರಕರಣಗಳು ದೊರೆಯುತ್ತವೆ. ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯು 2013ರಿಂದ ತನ್ನ ಡಿಸ್ಕುಗಳ ವೈಫಲ್ಯದ ಅಂಕಿಗಳನ್ನು ಮಾದರಿವಾರು ಪ್ರಕಟಿಸುತ್ತ ಬಂದಿದೆ. ಒಂದು ಕಂಪನಿಗೆ ಸಾಧ್ಯವಾದುದು ವಾಣಿಜ್ಯ ಸಂಸ್ಥೆಗೆ ಅಸಾಧ್ಯವಾಗಬಾರದು.

ಇದಕ್ಕೆ ಬೇಕಾದುದು ಒಂದು ಪುಟದ ನಮೂನೆ: ಬಿಡಿಭಾಗದ ಮಾದರಿ, ಖರೀದಿಯ ದಿನಾಂಕ, ದಿನಕ್ಕೆ ಬಳಕೆಯ ಗಂಟೆ, ಕೆಟ್ಟ ದಿನಾಂಕ, ವಾರಂಟಿಯಲ್ಲಿ ಬದಲಿ ದೊರೆಯಲು ಹಿಡಿದ ದಿನಗಳು. ಯುಪಿಎಸ್ ಮತ್ತು ಅರ್ತಿಂಗ್ ಇದ್ದುವೇ ಎಂಬುದನ್ನೂ ಬರೆಯಬೇಕು. ವೆಲ್ಡಿಂಗ್ ಯಂತ್ರವಿರುವ ಲೈನಿನಲ್ಲೇ ಗಣಕಯಂತ್ರವನ್ನು ಓಡಿಸಿ, ಕೆಟ್ಟಾಗ ಡೀಲರ್ ಮೇಲೆ ದೂರು ಹೊರಿಸುವುದು ಸರಿಯಲ್ಲ. ಗಣಕಯಂತ್ರ ಮಾರುವವರೂ ಇದೇ ಸಂಸ್ಥೆಗಳ ಸದಸ್ಯರು. ಕೆಟ್ಟವುಗಳ ಸಂಖ್ಯೆಯೊಡನೆ ಬಳಕೆಯಲ್ಲಿರುವ ಒಟ್ಟು ಸಂಖ್ಯೆಯನ್ನೂ ಪ್ರಕಟಿಸಿದಲ್ಲಿ ಪ್ರಾಮಾಣಿಕ ಡೀಲರ್‌ಗೆ ಇದರಿಂದ ಲಾಭವೇ ಆದೀತು.

ದಾಸ್ತಾನಿನ ಪ್ರತಿ ಮೂಟೆಗೂ ಲೆಕ್ಕವಿಡುವ ವರ್ತಕರಿಗೆ ಈ ದಾಖಲೆ ಭಾರವಾಗಲಾರದು. ಮುಂದಿನ ಖರೀದಿಯ ವೇಳೆಗೆ ಕೊಟೇಶನ್‌ನಲ್ಲಿ ಬಾಳಿಕೆಯ ಅಂಕಣವೂ ಮೂಡಬೇಕಾದರೆ, ಅದನ್ನು ತುಂಬುವ ಕೆಲಸ ಈ ವರ್ಷವೇ ಆರಂಭವಾಗಬೇಕು.