ರಿಕ್ಷಾದಲ್ಲಿ ಕುಳಿತವರು ಯಾರು?

"ಮನೆಯ ತಾಪತ್ರಯಗಳೇ ಸಾಲದೆ? ದುಡ್ಡು ತೆತ್ತು ಚಿತ್ರಮಂದಿರದಲ್ಲಿಯೂ ಅವನ್ನೇ ನೋಡಬೇಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ದಿನವೆಲ್ಲ ದುಡಿದು ದಣಿದವರು ಎರಡು ಗಳಿಗೆ ನಕ್ಕು ಹಗುರಾಗಲು ಬಯಸಿದರೆ ತಪ್ಪೇನೂ ಇಲ್ಲ. ಆದರೂ ನಗಿಸದ ಕೆಲವು ಚಿತ್ರಗಳು ದಶಕಗಳು ಉರುಳಿದರೂ ಮನಸ್ಸಿನಿಂದ ಅಳಿಯುವುದಿಲ್ಲ. ಅದೇಕೆ?

ಇಟಲಿಯ ವಿಟೋರಿಯೊ ಡಿ ಸಿಕಾ 1948ರಲ್ಲಿ ನಿರ್ದೇಶಿಸಿದ 'ಬೈಸಿಕಲ್ ಥೀವ್ಸ್' ಚಿತ್ರದ ಕಥೆ ಬಲು ಚಿಕ್ಕದು. ಯುದ್ಧಾನಂತರದ ರೋಮ್ ನಗರದಲ್ಲಿ ನಿರುದ್ಯೋಗಿಯೊಬ್ಬನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆಯುತ್ತದೆ. ಅದಕ್ಕೆ ಬೇಕಾದ ಸೈಕಲ್ಲು ಮೊದಲ ದಿನವೇ ಕಳುವಾಗುತ್ತದೆ. ಆ ಸೈಕಲ್ಲನ್ನು ಒತ್ತೆಯಿಂದ ಬಿಡಿಸಲೆಂದು ಅವನ ಹೆಂಡತಿ ಹಾಸಿಗೆಯ ಹೊದಿಕೆಗಳನ್ನೇ ಒತ್ತೆಯಿಟ್ಟಿದ್ದಳು! ಅಂಗಡಿಯಾತ ಆ ಗಂಟನ್ನು ಹಿಡಿದು ಮೇಲೇರುವಾಗ, ಸೂರಿನತ್ತ ಸಾಲುಸಾಲಾಗಿ ಪೇರಿಸಿಟ್ಟ ಅಂತಹವೇ ಗಂಟುಗಳು ಕಾಣುತ್ತವೆ. ಯಾರೂ ಭಾಷಣ ಮಾಡುವುದಿಲ್ಲ. ಒಂದು ನಗರದ ಬಡತನವೆಲ್ಲ ಆ ಅಟ್ಟಣೆಯ ಮೇಲೆ ಕುಳಿತಿದೆ. ನಾಯಕನ ಪಾತ್ರ ವಹಿಸಿದ ಲ್ಯಾಂಬರ್ಟೊ ಮಜ್ಜೊರಾನಿ ವೃತ್ತಿಯಿಂದ ನಟನಲ್ಲ, ಕಾರ್ಖಾನೆಯ ಕೆಲಸಗಾರ.

1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದನ್ನು ಕಂಡವರಲ್ಲಿ ಬಿಮಲ್ ರಾಯ್ ಒಬ್ಬರು. ಮರುವರ್ಷವೇ ಅವರ 'ದೋ ಬಿಘಾ ಜಮೀನ್' ತೆರೆಕಂಡಿತು. ರೈತ ಶಂಭುವಿನ ಎಣಿಕೆಯಂತೆ ಅವನ ಸಾಲ 65 ರೂಪಾಯಿ. ಜಮೀನ್ದಾರನ ಲೆಕ್ಕದಲ್ಲಿ 235. ತೀರಿಸಲು ಮೂರು ತಿಂಗಳ ಗಡುವು. ಹೊಲ ಉಳಿಸಿಕೊಳ್ಳಲೆಂದು ಅವನು ಕಲ್ಕತ್ತೆಗೆ ಹೋಗಿ ಕೈರಿಕ್ಷಾ ಎಳೆಯುತ್ತಾನೆ. ಮುಂದೆ ಸಾಗುತ್ತಿರುವ ಪ್ರಿಯತಮೆಯನ್ನು ಹಿಡಿಯಬೇಕೆಂಬ ಆತುರದಲ್ಲಿ ಒಬ್ಬ ಪ್ರಯಾಣಿಕ, "ಇನ್ನೂ ಜೋರಾಗಿ ಓಡು, ಇನ್ನಷ್ಟು ಕೊಡುತ್ತೇನೆ" ಎಂದು ಆಸೆ ತೋರಿಸುತ್ತಾನೆ. ಶಂಭು ಕುದುರೆಯಂತೆ ಓಡುತ್ತಾನೆ. ಚಕ್ರ ಕಳಚುತ್ತದೆ, ಅವನು ನೆಲಕ್ಕುರುಳುತ್ತಾನೆ. ಈ ಪಾತ್ರಕ್ಕಾಗಿ ಬಲರಾಜ್ ಸಾಹನಿಯವರು ಕಲ್ಕತ್ತೆಯ ಬೀದಿಗಳಲ್ಲಿ ತಾವೇ ರಿಕ್ಷಾ ಎಳೆದು ಅಭ್ಯಾಸ ಮಾಡಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಿಕ್ಷಾದಲ್ಲಿ ಕುಳಿತವನು ದುಷ್ಟನಲ್ಲ. ಅವನಿಗೆ ಅವಸರವಿದೆ, ಜೇಬಿನಲ್ಲಿ ಹಣವಿದೆ, ಅಷ್ಟೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದ 'ಚೋಮನ ದುಡಿ'ಯಲ್ಲಿಯೂ ಹಾಗೆಯೇ. ಚೋಮನ ಬಯಕೆ ಒಂದು ತುಂಡು ಬೇಸಾಯದ ಭೂಮಿ. ಒಡೆಯ ಕೊಡಲು ಒಪ್ಪುವ ಮನಸ್ಸಿನವನೇ. ಆದರೆ ಅಸ್ಪೃಶ್ಯನಿಗೆ ಭೂಮಿಯೆ ಎಂದು ಮನೆಯ ಹಿರಿಯ ತಾಯಿ ತಡೆಯುತ್ತಾಳೆ. ಆಕೆಯೂ ರಾಕ್ಷಸಿಯಲ್ಲ, ಆಚಾರವಂತೆ.

ಸಾಮಾನ್ಯ ಚಿತ್ರಗಳಲ್ಲಿ ಖಳನಾಯಕನೊಬ್ಬ ಇರುತ್ತಾನೆ. ಕೊನೆಗೆ ಅವನಿಗೆ ಶಿಕ್ಷೆಯಾಗುತ್ತದೆ, ನಾವು ನೆಮ್ಮದಿಯಿಂದ ಮನೆಗೆ ಮರಳುತ್ತೇವೆ. ಈ ಚಿತ್ರಗಳು ಆ ನೆಮ್ಮದಿಯನ್ನು ಕೊಡವು. ಕಷ್ಟ ಕೊಡುವವರು ಬಹುಮಟ್ಟಿಗೆ ನಮ್ಮಂತಹ ಸಭ್ಯರೇ ಎಂದು ಅವು ಮೆಲ್ಲನೆ ತೋರಿಸುತ್ತವೆ. ಅವು ಕಾಣಿಸುವುದು ನಮ್ಮ ಮನೆಯ ತಾಪತ್ರಯವನ್ನಲ್ಲ. ನಮ್ಮ ಹೊರೆ ಹೊರುವವರ ತಾಪತ್ರಯವನ್ನು.

ಕತ್ತಲಲ್ಲಿ ಕಣ್ಣೊರೆಸಿಕೊಳ್ಳುವುದು ಸುಲಭ. ಮರುದಿನ ಬೆಳಗ್ಗೆ ಪಾತ್ರೆ ತಿಕ್ಕುವಾಕೆ ಜ್ವರವೆಂದು ಬಾರದಿದ್ದರೆ, ಆ ದಿನದ ಕೂಲಿ ಹಿಡಿಯುವೆವೋ, ಕೊಡುವೆವೋ? ಚಿತ್ರ ನಮ್ಮ ಮನಸ್ಸನ್ನು ಮುಟ್ಟಿತೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.